ಅಳತೆಪಟ್ಟಿಯಲ್ಲಿ ಇಲ್ಲದ ಮೈಗೊಂದು ಸೂಟು

ನೇತ್ರಾಣಿ ದ್ವೀಪಕ್ಕೆ ಹೊರಡುವ ದೋಣಿ ಬೆಳಿಗ್ಗೆ ಎಂಟು ಗಂಟೆಗೆ. ಏಳೂವರೆಗೆ ನಾವು ಹನ್ನೊಂದು ಜನ ಡೈವಿಂಗ್ ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದೆವು. ಹಗ್ಗದ ಮೇಲೆ ಕಪ್ಪು ವೆಟ್‌ಸೂಟ್‌ಗಳು ನೇತುಬಿದ್ದಿದ್ದವು. ರಬ್ಬರು, ಉಪ್ಪು, ಹಿಂದಿನ ದಿನದ ತೇವ ಮೂರೂ ಕೂಡಿದ ವಾಸನೆ. ಸೂಟು ಹಂಚುತ್ತಿದ್ದ ಹುಡುಗ ಒಬ್ಬೊಬ್ಬರನ್ನೂ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ನಿಮಗೆ ಎಂ, ನಿಮಗೆ ಎಲ್" ಎನ್ನುತ್ತ ಒಂದೊಂದನ್ನೇ ಇಳಿಸಿ ಕೊಡುತ್ತಿದ್ದ. ನನ್ನ ಸರದಿ ಬಂದಾಗ ಅವನ ಕೈ ತಡೆಯಿತು.

ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಎದೆಯ ಸುತ್ತಳತೆ 42, ಸೀಟು 44. ಕಾಲು ಗಿಡ್ಡ, ಹೆಗಲು ಅಗಲ. ನಮ್ಮ ಮನೆಯ ಹೆಂಗಸರೆಲ್ಲ ಹೀಗೆಯೇ. ಅಜ್ಜಿಯೂ ಹೀಗೆ, ಅಮ್ಮನೂ ಹೀಗೆ. ಹುಡುಗ ಮೊದಲು ಎಲ್ ಕೊಟ್ಟ. ತೊಡೆಯವರೆಗೆ ಬಂತು, ಎದೆಯ ಬಳಿ ನಿಂತಿತು. ಇಬ್ಬರು ಗೆಳತಿಯರು ಬೆನ್ನ ಹಿಂದೆ ನಿಂತು ಜಿಪ್ಪು ಎಳೆದರೂ ಅರ್ಧಕ್ಕಿಂತ ಮೇಲೆ ಏರಲಿಲ್ಲ. "ಇರಿ ಅಕ್ಕ, ಇದೇ ದೊಡ್ಡದು" ಎಂದು ಡಬಲ್ ಎಕ್ಸ್ ಎಲ್ ತಂದ. ಅದು ಗಂಡಸರ ಸೂಟು. ಎದೆಗೇನೋ ಸರಿಯಾಯಿತು, ತೋಳು ಮಾತ್ರ ನಾಲ್ಕು ಇಂಚು ಉದ್ದ. ಕಾಲಿನ ಭಾಗವನ್ನು ಎರಡು ಸುತ್ತು ಮಡಚಬೇಕಾಯಿತು. ಸೊಂಟದ ಹಿಂದೆ ಒಂದು ಬೊಗಸೆ ನೀರು ಹಿಡಿಯುವಷ್ಟು ಸಡಿಲ.

ದೋಣಿ ಸುಮಾರು 19 ಕಿಲೋಮೀಟರ್ ಸಾಗಿ ದ್ವೀಪದ ಬಳಿ ಲಂಗರು ಹಾಕಿತು. ನೀರಿಗಿಳಿದ ಕೂಡಲೇ ಆ ಬೊಗಸೆ ತುಂಬಿತು. ಒಂದೊಂದು ಸಲ ಕಾಲು ಬಡಿದಾಗಲೂ ಹೊಸ ನೀರು ಕತ್ತಿನಿಂದ ನುಗ್ಗಿ, ಬೆನ್ನುಮೂಳೆಯ ಗುಂಟ ಹರಿದು, ಕಾಲಿನ ಕಡೆಯಿಂದ ಹೊರಟುಹೋಗುತ್ತಿತ್ತು. ಸುತ್ತ ನೀಲಿ ನೀರಿನಲ್ಲಿ ಗಿಳಿಮೀನುಗಳು ಬಂಡೆ ಕೆರೆಯುತ್ತಿದ್ದವು, ನಾನು ಹಲ್ಲು ಕಚ್ಚಿಕೊಂಡು ನಡುಗುತ್ತಿದ್ದೆ. ಇಪ್ಪತ್ತನೇ ನಿಮಿಷಕ್ಕೆ ಮಾರ್ಗದರ್ಶಕ ನನ್ನನ್ನು ಮೇಲಕ್ಕೆ ಕರೆತಂದ. ಉಳಿದ ಹತ್ತು ಜನ ಇನ್ನೂ ಕೆಳಗೇ ಇದ್ದರು. ದೋಣಿಯಲ್ಲಿ ಟವೆಲ್ ಹೊದ್ದು ಕೂತಾಗ ನನಗೆ ಅನಿಸಿದ್ದು ಇಷ್ಟೇ: ನನ್ನ ಮೈ ಸಮುದ್ರಕ್ಕೆ ಆಗಿಬರುವುದಿಲ್ಲ.

ಹಾಗೆ ಅಂದುಕೊಂಡದ್ದು ತಪ್ಪು ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಈ ಬರಹ ಆ ಎರಡು ವರ್ಷಗಳಲ್ಲಿ ಕಲಿತದ್ದರ ಬಗ್ಗೆ.

ಬೆಚ್ಚಗಿಡುವುದು ಯಾವುದು?

ನಮ್ಮ ಕರಾವಳಿಯ ನೀರು ತಣ್ಣಗಿಲ್ಲವಲ್ಲ, ನಡುಕ ಯಾಕೆ ಎಂದು ಕೇಳುವವರಿದ್ದಾರೆ. ನೇತ್ರಾಣಿಯ ಸುತ್ತ ಡೈವಿಂಗ್ ಕಾಲದಲ್ಲಿ ನೀರು 28 ಡಿಗ್ರಿ ಆಸುಪಾಸು ಇರುತ್ತದೆ. ಅದೇ 28 ಡಿಗ್ರಿ ಗಾಳಿಯಲ್ಲಿ ನಮಗೆ ಸೆಕೆ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಬರಿ ಮೈಯಲ್ಲಿ ಅಲುಗಾಡದೆ ನೀರಿನಲ್ಲಿದ್ದು ಶಾಖ ಕಳೆದುಕೊಳ್ಳದೆ ಇರಬೇಕಾದರೆ ಆ ನೀರು 33ರಿಂದ 35 ಡಿಗ್ರಿಯಾದರೂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಮೈ ನಿಧಾನವಾಗಿ ತಣಿಯುತ್ತಲೇ ಹೋಗುತ್ತದೆ. ಮುಕ್ಕಾಲು ಗಂಟೆಯ ಡೈವ್‌ಗೆ ಬೆಚ್ಚಗಿನ ಅರಬ್ಬಿ ಸಮುದ್ರದಲ್ಲೂ 3 ಮಿಲಿಮೀಟರ್ ದಪ್ಪದ ಸೂಟು ಬೇಕಾಗುವುದು ಇದಕ್ಕೇ. ಬಂಡೆಯ ತರಚು, ಜೆಲ್ಲಿ ಮೀನಿನ ಉರಿ ಇವುಗಳಿಂದ ಕಾಪಾಡುವುದೂ ಅದೇ.

ವೆಟ್‌ಸೂಟಿನ ಬಗ್ಗೆ ಡೈವ್ ಮಾಡುವವರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಒಳಗೆ ಸೇರಿಕೊಂಡ ನೀರು ಮೈ ಶಾಖಕ್ಕೆ ಬಿಸಿಯಾಗಿ ನಮ್ಮನ್ನು ಬೆಚ್ಚಗಿಡುತ್ತದೆ ಎಂದು ಹೇಳುತ್ತಾರೆ. ಬೆಚ್ಚಗಿಡುವುದು ನೀರಲ್ಲ, ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಒಳಗೆ ಸಿಕ್ಕಿಕೊಂಡಿರುವ ಅನಿಲದ ಸಣ್ಣ ಸಣ್ಣ ಗುಳ್ಳೆಗಳು. ಒಂದು ಗುಳ್ಳೆಗೂ ಪಕ್ಕದ ಗುಳ್ಳೆಗೂ ದಾರಿ ಇಲ್ಲ, ಹಾಗಾಗಿ ನೀರು ರಬ್ಬರಿನೊಳಕ್ಕೆ ಇಳಿಯುವುದಿಲ್ಲ. ಕಂಬಳಿಯ ಎಳೆಗಳ ನಡುವೆ ಗಾಳಿ ನಿಂತು ಚಳಿ ತಡೆಯುವ ಹಾಗೆಯೇ ಇದೂ. ಮೈಗೂ ಸೂಟಿಗೂ ನಡುವೆ ನುಸುಳಿದ ನೀರು ತೆಳುವಾಗಿ, ಕದಲದೆ ಇದ್ದರೆ ತೊಂದರೆಯಿಲ್ಲ. ಅದು ಹರಿಯತೊಡಗಿದರೆ ಎಷ್ಟೇ ದಪ್ಪದ ಸೂಟಾದರೂ ಪ್ರಯೋಜನಕ್ಕೆ ಬಾರದು. ನನಗೆ ನೇತ್ರಾಣಿಯಲ್ಲಿ ಆದದ್ದು ಅದೇ.

ಆಳಕ್ಕೆ ಹೋದಷ್ಟೂ ಒತ್ತಡದಿಂದ ಗುಳ್ಳೆಗಳು ಕುಗ್ಗುತ್ತವೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು, ಗುಳ್ಳೆಯ ಗಾತ್ರ ಹೆಚ್ಚುಕಡಿಮೆ ಅರ್ಧ. ಸೂಟು ತೆಳ್ಳಗಾಗುತ್ತದೆ. ಮೇಲೆ ಸ್ವಲ್ಪ ಸಡಿಲವಾಗಿದ್ದ ಕಡೆ ಕೆಳಗೆ ಇನ್ನಷ್ಟು ಸಡಿಲ. ದೊಡ್ಡ ಸೂಟು ಎಂದರೆ ಹೆಚ್ಚು ರಬ್ಬರು, ಹೆಚ್ಚು ರಬ್ಬರು ಎಂದರೆ ಹೆಚ್ಚು ತೇಲುವಿಕೆ. ಅದನ್ನು ಮುಳುಗಿಸಲು ನಡುವಿಗೆ ಇನ್ನಷ್ಟು ಸೀಸದ ತೂಕ ಕಟ್ಟಿಕೊಳ್ಳಬೇಕು.

ಬಿಗಿಯಾದ ಸೂಟಿನ ಕಷ್ಟವೇ ಬೇರೆ. ಎದೆ ಹಿಗ್ಗದಿದ್ದರೆ ಉಸಿರು ಪೂರ್ತಿ ತೆಗೆದುಕೊಳ್ಳಲಾಗದು. ನೀರಿನಡಿ ಅದಕ್ಕಿಂತ ದಿಗಿಲು ಹುಟ್ಟಿಸುವ ಸಂಗತಿ ಇನ್ನೊಂದಿಲ್ಲ. ಕತ್ತಿನ ಪಟ್ಟಿ ಬಿಗಿದು ಎರಡು ಬದಿಯ ರಕ್ತನಾಳಗಳನ್ನು ಒತ್ತಿದರೆ ಹೃದಯದ ಬಡಿತ ನಿಧಾನವಾಗಿ ತಲೆ ತಿರುಗಬಹುದು. ಸೂಟು ಮೈಗೊಪ್ಪುವುದು ಅಂದಚೆಂದದ ವಿಷಯ ಅಲ್ಲ, ಜೀವದ ವಿಷಯ.

ಯಾರ ಮೈಗೆ ಹೊಲಿದದ್ದು?

ಈ ಉಡುಪು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1951ರ ಸುಮಾರಿಗೆ ನೌಕಾಪಡೆಯ ಮುಳುಗುಗಾರರ ಚಳಿಗೆ ಪರಿಹಾರ ಹುಡುಕುತ್ತಿದ್ದರು. ಅಲ್ಲಿಯವರೆಗೆ ಎಲ್ಲರ ಪ್ರಯತ್ನವೂ ಮೈಯನ್ನು ಒಣಗಿಡುವುದರ ಕಡೆಗೇ ಇತ್ತು. ಮೈ ಒದ್ದೆಯಾದರೂ ಪರವಾಗಿಲ್ಲ, ಬಟ್ಟೆಯೊಳಗೆ ಅನಿಲ ನಿಂತರೆ ಸಾಕು ಎಂಬ ಸರಳ ಸತ್ಯ ಅವರಿಗೆ ಹೊಳೆಯಿತು. ಆ ಸೂಟನ್ನು ಜನರಿಗೆ ತಲುಪಿಸಿದ್ದು ಅಂಗಡಿಗಳು. 1952ರಲ್ಲಿ ಜ್ಯಾಕ್ ಓನೀಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸರ್ಫ್ ಅಂಗಡಿ ತೆರೆದರು. 1953ರಲ್ಲಿ ಮೈಸ್ಟ್ರೆಲ್ ಅವಳಿ ಸಹೋದರರು ರೆಡಾಂಡೊ ಬೀಚ್‌ನಲ್ಲಿ ಡೈವ್ ಎನ್ ಸರ್ಫ್ ಅಂಗಡಿಯ ಕೆಲಸಕ್ಕಿಳಿದರು. ಕೈಗವಸಿನ ಹಾಗೆ ಮೈಗೆ ಕೂರುತ್ತದೆ ಎಂಬ ಅವರ ಮಾತಿನಿಂದಲೇ ಅವರ ಸೂಟಿಗೆ 'ಬಾಡಿ ಗ್ಲೋವ್' ಎಂಬ ಹೆಸರು ಬಂತು. ಆ ಕೈಗವಸು ಮೊದಮೊದಲು ಕೂರಬೇಕಾಗಿದ್ದದ್ದು ಸೈನಿಕರ, ಅಲೆ ಸವಾರರ, ದುಡಿದು ಗಟ್ಟಿಯಾದ ಗಂಡುಮೈಗಳಿಗೆ.

ಮೈಗೆ ಉಡುಪು ಹೊಂದಿಸಿಕೊಳ್ಳುವ ಇನ್ನೊಂದು ದಾರಿಯೂ ಇದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಜೇಜು ದ್ವೀಪವನ್ನು ನೋಡಬೇಕು. ಅಲ್ಲಿ ಹೆನ್ಯೊ ಎಂಬ ಹೆಂಗಸರು ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು, ಕಡಲಪಾಚಿ ಕಿತ್ತು ತಂದು ಸಂಸಾರ ಸಾಕಿದವರು. ಅವರ ಈ ಪರಂಪರೆ 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ರಬ್ಬರ್ ಸೂಟು ಬರುವ ಮೊದಲು ಅವರು ತೊಡುತ್ತಿದ್ದದ್ದು ಹತ್ತಿಯ ತುಂಡುಡುಪು. ಅದರ ಒಂದು ಬದಿ ತೆರೆದಿರುತ್ತಿತ್ತು, ಗುಂಡಿಯಲ್ಲೋ ದಾರದಲ್ಲೋ ಬಿಗಿದುಕೊಳ್ಳುತ್ತಿದ್ದರು. ಮೈ ಬೆಳೆದರೆ ಸಡಿಲಿಸುವುದು, ಬಸಿರಾದರೆ ಇನ್ನಷ್ಟು ಸಡಿಲಿಸುವುದು. ನಮ್ಮ ಸೀರೆಯ ನೆರಿಗೆಯಲ್ಲಿ ಇರುವ ಜಾಣ್ಮೆಯೇ ಅಲ್ಲೂ ಇತ್ತು.

ಆದರೆ ಹತ್ತಿ ಚಳಿ ತಡೆಯುವುದಿಲ್ಲ. 1960ರ ದಶಕದಲ್ಲಿ ಸುಕ್ ಕಿ ಹಾಂಗ್, ಹರ್ಮನ್ ರಾನ್ ಎಂಬ ವಿಜ್ಞಾನಿಗಳು ಈ ಹೆಂಗಸರನ್ನು ಅಧ್ಯಯನ ಮಾಡಿದರು. ಚಳಿಗಾಲದಲ್ಲಿ ದೇಹದ ಒಳಶಾಖ 35 ಡಿಗ್ರಿಗೆ ಇಳಿಯುವವರೆಗೂ ಅವರು ಮುಳುಗುತ್ತಿದ್ದರು, ಆಮೇಲೆ ದಡಕ್ಕೆ ಬಂದು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಅವರ ಮೈ ಚಳಿಗೆ ಒಗ್ಗಿಕೊಂಡು ಹೆಚ್ಚು ಶಾಖ ಉತ್ಪಾದಿಸುವುದನ್ನೂ ಕಲಿತಿತ್ತು. 1970ರ ದಶಕದಲ್ಲಿ ರಬ್ಬರ್ ಸೂಟು ಬಂದಮೇಲೆ ನೀರಿನಲ್ಲಿ ಕಳೆಯುವ ಸಮಯ ಗಂಟೆಗಟ್ಟಲೆ ಹೆಚ್ಚಿತು. ಕೆಲವೇ ವರ್ಷಗಳಲ್ಲಿ ಮೈಯ ಆ ವಿಶೇಷ ಶಕ್ತಿ ಕರಗಿಹೋಯಿತು. ಮೈ ಮಾಡುತ್ತಿದ್ದ ಕೆಲಸವನ್ನು ಸೂಟು ವಹಿಸಿಕೊಂಡಿತು. ಅಷ್ಟು ದೊಡ್ಡ ಕೆಲಸ ವಹಿಸಿಕೊಳ್ಳುವ ಉಡುಪು ಅದನ್ನು ತೊಡುವವರ ಮೈಯ ಅಳತೆಗೇ ಇರಬೇಕಲ್ಲವೇ?

"ಇದರಲ್ಲಿ ಮಾರ್ಜಿನ್ನೇ ಇಲ್ಲ ಅಕ್ಕ"

ನೇತ್ರಾಣಿಯಿಂದ ಬಂದಮೇಲೆ ನಾನು ಒಂದು ಸೂಟು ಕೊಂಡೆ. ಎದೆಯಳತೆ ನೋಡಿ ಎಕ್ಸ್ ಎಲ್ ಆರಿಸಿ, ಉಳಿದದ್ದನ್ನು ನಮ್ಮ ಟೈಲರ್ ಸರಿಮಾಡಿ ಕೊಡುತ್ತಾರೆ ಎಂಬ ಧೈರ್ಯ ಮಾಡಿದೆ. ಇಪ್ಪತ್ತು ವರ್ಷದಿಂದ ನನ್ನ ರವಿಕೆ ಹೊಲಿಯುವವರು ಅವರು. ಸೂಟನ್ನು ಮೇಜಿನ ಮೇಲೆ ಹರಡಿದರು, ಒಳಮಗ್ಗುಲು ತಿರುಗಿಸಿದರು, ಪಕ್ಕದ ಹೊಲಿಗೆಯ ಮೇಲೆ ಹೆಬ್ಬೆರಳು ಸವರಿದರು. ಎರಡು ತುದಿಯನ್ನೂ ಹಿಡಿದು ಎಳೆದು ದೀಪದ ಬೆಳಕಿಗೆ ಹಿಡಿದರು.

"ಇದರಲ್ಲಿ ಮಾರ್ಜಿನ್ನೇ ಇಲ್ಲ ಅಕ್ಕ" ಅಂದರು. "ರವಿಕೆ ಆದರೆ ಒಳಗೆ ಒಂದಿಂಚು ಬಟ್ಟೆ ಬಿಟ್ಟಿರ್ತೀನಿ. ಬಿಗಿ ಆದರೆ ಬಿಚ್ತೀನಿ, ಸಡಿಲ ಆದರೆ ಹಿಡೀತೀನಿ. ಇದು ಅಂಚಿಗೆ ಅಂಚು ಕೂಡಿಸಿ ಅಂಟು ಹಾಕಿದ್ದಾರೆ. ಸೂಜಿ ಆಚೆ ಕಡೆ ಬಂದೇ ಇಲ್ಲ ನೋಡಿ, ಅರ್ಧದಷ್ಟೇ ಚುಚ್ಚಿ ಎಳೆದಿದ್ದಾರೆ. ನನ್ನ ಮಿಷಿನ್ನು ಚುಚ್ಚಿದರೆ ತೂತು ಬೀಳುತ್ತೆ, ನೀರು ಬರುತ್ತೆ."

ವೆಟ್‌ಸೂಟಿನ ಹೊಲಿಗೆಯ ಮರ್ಮವನ್ನು ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಒಳ್ಳೆಯ ಸೂಟಿನ ಎರಡು ತುಂಡುಗಳ ಅಂಚುಗಳನ್ನು ಮೊದಲು ಅಂಟಿನಿಂದ ಕೂಡಿಸಿ, ಸೂಜಿ ರಬ್ಬರನ್ನು ಪೂರ್ತಿ ದಾಟದಂತೆ ಹೊಲಿಯುತ್ತಾರೆ. ಅಗ್ಗದ ಸೂಟುಗಳಲ್ಲಿ ಸೂಜಿ ಆಚೆಗೆ ದಾಟಿರುತ್ತದೆ; ಬೆಚ್ಚಗಿನ ನೀರಿಗೆ ಅದೂ ನಡೆಯುತ್ತದೆ, ತಣ್ಣೀರಿಗೆ ನಡೆಯದು. ಎರಡರಲ್ಲೂ ಹೆಚ್ಚುವರಿ ಬಟ್ಟೆ ಬಿಟ್ಟಿರುವುದಿಲ್ಲ. ತೋಳು, ಕಾಲು ಉದ್ದವಾದರೆ ಕತ್ತರಿಸಬಹುದು, ನಿಯೋಪ್ರೀನ್ ಅಂಚು ನೂಲು ಬಿಡುವುದಿಲ್ಲ. ಹೊಲಿಗೆಯ ತುದಿಗೆ ಒಂದು ಹನಿ ನಿಯೋಪ್ರೀನ್ ಅಂಟು ಹಾಕಿದರೆ ಆಯಿತು. ಹೆಗಲಿನಿಂದ ತೊಡೆಸಂದಿಯವರೆಗಿನ ಭಾಗ ಉದ್ದವಾದರೆ ಸಾಮಾನ್ಯ ಟೈಲರ್ ಕೈಯಲ್ಲಿ ಆಗುವ ಕೆಲಸ ಅಲ್ಲ. ನನಗೆ ಹೆಚ್ಚಾಗಿದ್ದದ್ದು ಅಲ್ಲೇ.

ಟೈಲರ್ ತಮ್ಮ ಅಳತೆ ಪುಸ್ತಕ ತೆಗೆದು ನನ್ನ ಪುಟ ತೋರಿಸಿದರು. ಒಂದು ರವಿಕೆಗೆ ಹನ್ನೆರಡು ಅಳತೆ: ಉದ್ದ, ಹೆಗಲು, ಎದೆ, ಎದೆಯ ಮೇಲೆ, ಎದೆಯ ಕೆಳಗೆ, ನಡು, ಮುಂದಿನ ಕತ್ತು, ಹಿಂದಿನ ಕತ್ತು, ಆರ್ಮ್‌ಹೋಲ್, ತೋಳುದ್ದ, ತೋಳು ಸುತ್ತು, ಡಾಟು. ಸೂಟು ಮಾಡಿದ ಕಂಪನಿ ಇಡೀ ಮೈಗೆ ಕೇಳಿದ್ದು ಐದು: ಎತ್ತರ, ತೂಕ, ಎದೆ, ಸೊಂಟ, ಸೀಟು. ಮುಂಗೈಗೂ ಬಾರದ ರವಿಕೆಗೆ ಹನ್ನೆರಡು, ಕತ್ತಿನಿಂದ ಹರಡಿನವರೆಗೆ ಅಂಟಿಕೊಂಡು ಕೂರಬೇಕಾದ ಸೂಟಿಗೆ ಐದು.

ಪಟ್ಟಿಯ ಹಿಂದಿನ ಲೆಕ್ಕ

ಅಳತೆಪಟ್ಟಿಗಳು ಒಂದು ಊಹೆಯ ಮೇಲೆ ನಿಂತಿವೆ. ಎದೆ ದೊಡ್ಡದಾದ ಹಾಗೆ ಎತ್ತರವೂ ಹೆಚ್ಚುತ್ತದೆ, ತೋಳೂ ಉದ್ದವಾಗುತ್ತದೆ, ಹೆಗಲೂ ಹರಡುತ್ತದೆ ಎಂಬ ಊಹೆ. ಪಟ್ಟಿಯಲ್ಲಿ ನನ್ನ ಎದೆ ಎಕ್ಸ್ ಎಲ್ ಸಾಲಿನಲ್ಲಿದೆ, ಎತ್ತರ ಎಕ್ಸ್ ಎಸ್ ಸಾಲಿನಲ್ಲಿ. ನನ್ನ ಚಿಕ್ಕಪ್ಪನ ಮಗ ಆರಡಿ ಮೂರಿಂಚು, ತೂಕ 66 ಕಿಲೋ. ಅವನಿಗೆ ಉದ್ದ ಸರಿಹೋದ ಸೂಟು ಎದೆಯ ಮೇಲೆ ಜೋಲುತ್ತದೆ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಈಜಿಗೆ ಮರಳಿದ ಗೆಳತಿಯೊಬ್ಬಳ ಸೂಟಿನಲ್ಲಿ ಒಂದು ಬದಿ ಟೊಳ್ಳಾಗಿ ಉಳಿದು ಅಲ್ಲಿ ನೀರು ತುಂಬುತ್ತಿತ್ತು. ಬಾಣಂತನ ಮುಗಿಸಿದವರು, ಹೊಟ್ಟೆ ಬಂದ ಐವತ್ತರ ಗಂಡಸರು, ವ್ಯಾಯಾಮದಿಂದ ತೊಡೆ ಬೆಳೆದವರು, ಬೆನ್ನು ಬಾಗಿದವರು, ಒಂದು ಕಾಲು ಕಳೆದುಕೊಂಡವರು. ಎಣಿಸುತ್ತ ಹೋದರೆ ಪಟ್ಟಿಗೆ ಸರಿಯಾಗಿ ಕೂರುವವರೇ ಕಡಿಮೆ ಅನಿಸುತ್ತದೆ.

ಸಿದ್ಧ ಉಡುಪಿನ ಅಳತೆಗಳ ಚರಿತ್ರೆ ನೋಡಿದರೆ ಇದಕ್ಕೆ ಕಾರಣ ಸಿಗುತ್ತದೆ. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಹೆಂಗಸರ ಮೈಯನ್ನು ಐವತ್ತಕ್ಕೂ ಹೆಚ್ಚು ಕಡೆ ಅಳೆಸಿತು. ರೂತ್ ಓಬ್ರಯನ್, ವಿಲಿಯಂ ಶೆಲ್ಟನ್ ಸಿದ್ಧಪಡಿಸಿದ ವರದಿ 1941ರಲ್ಲಿ ಹೊರಬಂತು. ಲೆಕ್ಕಕ್ಕೆ ತೆಗೆದುಕೊಂಡದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಆ ಅಂಕಿಗಳ ಆಧಾರದ ಮೇಲೆ 1958ರಲ್ಲಿ ಅಲ್ಲಿನ ಸರ್ಕಾರ ಹೆಂಗಸರ ಉಡುಪಿಗೆ ಒಂದು ಮಾನದಂಡ ಪ್ರಕಟಿಸಿತು; 1983ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆಮೇಲೆ ಒಂದೊಂದು ಕಂಪನಿಗೆ ಒಂದೊಂದು ಪಟ್ಟಿ. ಒಂದು ಕಡೆಯ ಎಲ್ ಇನ್ನೊಂದು ಕಡೆ ಎಂ ಆಗಿರುವುದು ಅದಕ್ಕೇ.

ನಮ್ಮ ದೇಶದಲ್ಲಿ ಮಾರುವ ಸಿದ್ಧ ಉಡುಪುಗಳೂ ಬಹುಕಾಲ ಅಮೆರಿಕ, ಬ್ರಿಟನ್, ಯುರೋಪಿನ ಅಳತೆಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸಿದವು. ಭಾರತೀಯರ ಮೈಯ ಅಳತೆ ಭಾರತದಲ್ಲೇ ಆಗಬೇಕು ಎಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 'ಇಂಡಿಯಾ ಸೈಜ್' ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. 15ರಿಂದ 65 ವರ್ಷದ 25,000 ಜನರ ಮೈಯನ್ನು ತ್ರೀ ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಯೋಜನೆ ಅದು. ಅದಕ್ಕೆ ಆರಿಸಿಕೊಂಡ ಆರು ನಗರಗಳಲ್ಲಿ ದಕ್ಷಿಣದ ಪರವಾಗಿ ಇದ್ದದ್ದು ನಮ್ಮ ಬೆಂಗಳೂರು. ಅಂಗಿ, ಪ್ಯಾಂಟಿನ ಮಾತು ಅದು, ನಿಜ. ಅದೇ ಅಂಕಿಗಳು ನೀರಿನ ಉಡುಪು ಮಾಡುವವರಿಗೂ ತಲುಪಲಿ ಎಂಬುದು ನನ್ನ ಆಸೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಖರ್ಚಿನ ವಿಷಯಕ್ಕೆ ಸರಿ. ಮೈಯ ವಿಷಯಕ್ಕೆ ಅದನ್ನು ತಂದರೆ ಅನ್ಯಾಯ. ಕಾಲು ಎಷ್ಟಿದೆಯೋ ಅಷ್ಟು ಹಾಸಿಗೆ ಹಾಸುವುದು ಹೊಲಿಯುವವರ ಧರ್ಮ.

ಯಾರೂ ತೆಗೆಯದ ಅಳತೆ

ಎರಡನೇ ಸಲ ಟೈಲರ್ ಅಂಗಡಿಗೆ ಹೋದದ್ದು ಟೇಪಿಗಾಗಿ. ವಿದೇಶದಲ್ಲಿ ಒಬ್ಬೊಬ್ಬರ ಮೈಗೂ ಬೇರೆಬೇರೆಯಾಗಿ ಸೂಟು ಕತ್ತರಿಸಿ ಕೊಡುವ ಸಣ್ಣ ಕಾರ್ಖಾನೆಗಳಿವೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಸೆವೆಂತ್ ವೇವ್, ಇಂಗ್ಲೆಂಡಿನ ನ್ಯೂಕ್ವೇ ಪಟ್ಟಣದ ಸ್ನಗ್ ಈ ಬಗೆಯವು. ಇಂಥ ತಯಾರಕರೊಬ್ಬರು ನನಗೆ ಕಳಿಸಿದ ಹಾಳೆಯಲ್ಲಿ 28 ಅಳತೆಗಳಿದ್ದವು. ಹಾಳೆ ನೋಡಿ ಟೈಲರ್ ಮುಖ ಅರಳಿತು. "ಇದು ಕಸುಬು ಗೊತ್ತಿದ್ದವರು ಬರೆದದ್ದು" ಅಂದರು. ಹೆಂಡತಿಯನ್ನು ಕರೆದು ಟೇಪು ಕೊಟ್ಟು, ತಾವು ಪರದೆಯ ಆಚೆ ಕೂತು ಒಂದೊಂದೇ ಅಂಕಿ ಬರೆದುಕೊಂಡರು.

ಹಾಳೆಯ ನಡುವೆ ಒಂದು ಅಳತೆ ಇತ್ತು. ಹೆಗಲ ಮೇಲಿನಿಂದ ಟೇಪು ಹಿಡಿದು, ಎದೆ ಹೊಟ್ಟೆಗಳ ಮೇಲೆ ಇಳಿಸಿ, ತೊಡೆಸಂದಿಯ ಮೂಲಕ ಹಿಂದಕ್ಕೆ ತಂದು, ಬೆನ್ನಿನ ಮೇಲೆ ಹತ್ತಿಸಿ ಮತ್ತೆ ಅದೇ ಹೆಗಲಿಗೆ ಮುಟ್ಟಿಸಬೇಕು. "ಇಷ್ಟು ವರ್ಷ ಹೊಲಿದಿದ್ದೀವಿ, ಈ ಅಳತೆ ತೆಗೆದಿಲ್ಲ ನೋಡಿ" ಎಂದರು ಆಕೆ. ರವಿಕೆಗೆ, ಚೂಡಿದಾರಕ್ಕೆ ಇದು ಬೇಡ, ಮೇಲಿನದು ಬೇರೆ, ಕೆಳಗಿನದು ಬೇರೆ. ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಾದ ಉಡುಪಿಗೆ ಇದೇ ಜೀವಾಳ. ಇದು ಕಡಿಮೆಯಾದರೆ ಹೆಗಲು ಕೆಳಕ್ಕೆ ಎಳೆದು ಕೈ ಎತ್ತಲಾಗದು. ಹೆಚ್ಚಾದರೆ ಸೊಂಟದ ಹಿಂದೆ ನೀರು ನಿಲ್ಲುತ್ತದೆ, ತೊಡೆಸಂದಿ ಜೋತುಬಿದ್ದು ಕಾಲು ಬಡಿಯುವುದು ಕಷ್ಟ. ನೇತ್ರಾಣಿಯಲ್ಲಿ ನನ್ನ ಬೆನ್ನಿಗೆ ನಿಂತ ಆ ಬೊಗಸೆ ನೀರಿಗೆ ಕಾರಣ ಈ ಒಂದು ಅಳತೆ.

ವಾರದ ನಂತರ ತಯಾರಕರಿಂದ ಪತ್ರ ಬಂತು. ನನ್ನ ಬಲದ ರಟ್ಟೆ ಎಡದ್ದಕ್ಕಿಂತ ಅರ್ಧ ಇಂಚು ದಪ್ಪ ಎಂದು ಬರೆದಿದ್ದೀರಿ, ಇನ್ನೊಮ್ಮೆ ಅಳೆದು ತಿಳಿಸಿ ಎಂದು ಕೇಳಿದ್ದರು. ಅಳೆದೆವು, ಅಷ್ಟೇ ಇತ್ತು. ಹಾಗಾದರೆ ಬಲತೋಳನ್ನು ಬೇರೆಯಾಗಿ ಕತ್ತರಿಸುತ್ತೇವೆ ಎಂದು ಉತ್ತರ ಬಂತು. ಆ ಸಾಲು ಓದಿ ನನ್ನ ಕಣ್ಣು ತುಂಬಿತು. ನಲವತ್ತಾರು ವರ್ಷದಲ್ಲಿ ಅಂಗಡಿಯೊಂದು ನನ್ನ ಮೈಯ ಬಗ್ಗೆ ಕೇಳಿದ ಮೊದಲ ಮರ್ಯಾದೆಯ ಪ್ರಶ್ನೆ ಅದು.

ನೀವು ಕೊಳ್ಳುವುದಾದರೆ

ಅಳತೆ ಕೊಟ್ಟು ಮಾಡಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಬೆಲೆ ಹೆಚ್ಚು, ಸುಂಕ ಬೇರೆ, ವಾರಗಟ್ಟಲೆ ಕಾಯಬೇಕು. ಸಿದ್ಧ ಸೂಟಿನಲ್ಲೇ ದಾರಿ ಹುಡುಕುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು.

ಮೊದಲು ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿ ಅಳತೆ ತೆಗೆಸಿ. ಎತ್ತರ, ತೂಕ, ಕತ್ತು, ಎದೆ, ನಡು, ಸೀಟು, ತೊಡೆ, ರಟ್ಟೆ, ಒಳಗಾಲಿನ ಉದ್ದ, ಹೆಗಲಿನಿಂದ ತೊಡೆಸಂದಿ ಸುತ್ತಿ ಮತ್ತೆ ಹೆಗಲಿಗೆ. ಈ ಹತ್ತು ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಟೇಪು ಮೈಗೆ ತಾಗಿರಲಿ, ಒತ್ತದಿರಲಿ. ಹೊಟ್ಟೆ ಒಳಗೆಳೆದುಕೊಂಡು ಅಳೆಸಿಕೊಂಡರೆ ನೀರಿನಲ್ಲಿ ಉಸಿರುಕಟ್ಟುವುದು ನಿಮಗೇ.

ಅಳತೆಗಳು ಬೇರೆ ಬೇರೆ ಸಾಲಿಗೆ ಬಿದ್ದರೆ ಎದೆಗೆ ಮತ್ತು ಹೆಗಲಿನ ಸುತ್ತಿಗೆ ಒಪ್ಪುವುದನ್ನು ಆರಿಸಿ. ಉದ್ದದ ತೋಳು, ಕಾಲನ್ನು ಕತ್ತರಿಸಬಹುದು, ಎದೆಯನ್ನು ಹಿಗ್ಗಿಸಲಾಗದು. ಹಲವು ಕಂಪನಿಗಳು ಗಿಡ್ಡನೆಯವರಿಗೆ, ಉದ್ದನೆಯವರಿಗೆ ನಡುವಿನ ಅಳತೆಗಳನ್ನೂ ಮಾಡುತ್ತವೆ. ಅಂಗಡಿಯಲ್ಲಿ ಇಲ್ಲದಿದ್ದರೂ ಕೇಳಿ ತರಿಸಿಕೊಳ್ಳಬಹುದು.

ಮೈಯ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಎರಡು ಅಳತೆಯಷ್ಟು ವ್ಯತ್ಯಾಸವಿದ್ದರೆ ಎರಡು ತುಂಡಿನ ಸೂಟು ನೋಡಿ. ತೋಳಿಲ್ಲದ ಉದ್ದ ಕಾಲಿನ ಸೂಟು ಒಂದು, ಅದರ ಮೇಲೆ ಜಾಕೆಟ್ ಇನ್ನೊಂದು. ಎರಡನ್ನೂ ಬೇರೆ ಬೇರೆ ಅಳತೆಯಲ್ಲಿ ಕೊಳ್ಳಬಹುದು. ಹೆಗಲು ಅಗಲವಿರುವ ಹೆಂಗಸರಿಗೆ ಗಂಡಸರ ಜಾಕೆಟ್ಟೇ ಕೆಲವೊಮ್ಮೆ ಒಪ್ಪುತ್ತದೆ, ಸಂಕೋಚ ಬೇಡ. ಒಂದು ಬದಿ ಟೊಳ್ಳಾಗುವವರು ನಿಯೋಪ್ರೀನ್ ತುಂಡನ್ನೋ ಸ್ಪಂಜಿನ ಆಕಾರವನ್ನೋ ಒಳಗಿಟ್ಟುಕೊಂಡರೆ ನೀರು ನಿಲ್ಲುವುದಿಲ್ಲ. ನನ್ನ ಗೆಳತಿ ಹಾಗೇ ಮಾಡಿಕೊಂಡಿದ್ದಾಳೆ.

ತೊಟ್ಟು ನೋಡುವುದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಇಳಿಯುತ್ತದೆ. ಉಗುರಿನಿಂದ ಎಳೆಯಬೇಡಿ, ಬೆರಳಿನ ಮೃದು ಭಾಗದಿಂದ ಹಿಡಿದು ಸ್ವಲ್ಪಸ್ವಲ್ಪವೇ ಮೇಲೆ ತನ್ನಿ. ಹರಡು, ಮಂಡಿ, ತೊಡೆ ಸರಿಯಾಗಿ ಕೂತ ಮೇಲೇ ಸೊಂಟಕ್ಕೆ ಬನ್ನಿ. ಅವಸರಪಟ್ಟರೆ ಸರಿಯಾದ ಸೂಟೂ ಗಿಡ್ಡ ಅನಿಸುತ್ತದೆ. ಜಿಪ್ಪು ಹಾಕಿ ಎರಡೂ ಕೈ ಎತ್ತಿ, ಕುಕ್ಕರಗಾಲಿನಲ್ಲಿ ಕೂತು ಏಳಿ, ಎದೆ ತುಂಬ ಉಸಿರು ತೆಗೆದುಕೊಳ್ಳಿ. ಕಂಕುಳು, ಸೊಂಟದ ಹಿಂಭಾಗ, ತೊಡೆಸಂದಿ ಮೂರು ಕಡೆಯೂ ಟೊಳ್ಳಿರಬಾರದು. ಕತ್ತಿನ ಪಟ್ಟಿಯೊಳಗೆ ಒಂದು ಬೆರಳು ಹೋಗಬೇಕು. ಒಣಗಿದ್ದಾಗ ತುಸು ಬಿಗಿ ಅನಿಸುವುದು ಸರಿ, ನೀರಿನಲ್ಲಿ ಸ್ವಲ್ಪ ಸಡಿಲವಾಗುತ್ತದೆ. ತಲೆ ಭಾರವಾದರೆ, ಉಸಿರು ಅರ್ಧಕ್ಕೆ ನಿಂತರೆ ಆ ಸೂಟು ನಿಮ್ಮದಲ್ಲ.

ಕೊಂಡದ್ದನ್ನು ಬಹುದಿನ ಬಾಳಿಸಬೇಕಾದರೆ ಪ್ರತಿ ಸಲ ಸಿಹಿನೀರಿನಲ್ಲಿ ಜಾಲಿಸಿ, ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದ ರಬ್ಬರು ಗಡುಸಾಗುತ್ತದೆ, ಹಿಗ್ಗುವ ಗುಣ ಹೋದ ಸೂಟು ವರ್ಷ ಕಳೆದಂತೆ ಚಿಕ್ಕದಾದ ಹಾಗೆ ಅನಿಸುತ್ತದೆ. ಬಹಳಷ್ಟು ಜನ ಆಗ ತಮ್ಮ ಮೈಯನ್ನು ಬಯ್ದುಕೊಳ್ಳುತ್ತಾರೆ.

ಮತ್ತೆ ನೇತ್ರಾಣಿ

ಕಳೆದ ಫೆಬ್ರವರಿಯಲ್ಲಿ, ಅಳತೆ ಕೊಟ್ಟು ಮಾಡಿಸಿದ ಆ ಸೂಟಿನೊಂದಿಗೆ ಅದೇ ದ್ವೀಪಕ್ಕೆ ಹೋದೆ. ನೀರಿಗೆ ಬಿದ್ದ ಕ್ಷಣ ಕತ್ತಿನ ಬಳಿ ಒಂದು ತಣ್ಣನೆಯ ಗೆರೆ ಎಳೆದಂತಾಯಿತು, ಅಲ್ಲಿಗೇ ನಿಂತಿತು. ಮೊದಲ ಸಲಕ್ಕಿಂತ ಸೀಸದ ತೂಕ ಕಡಿಮೆ ಇತ್ತು. ಕಾಲು ಬಡಿದೆ, ಬೆನ್ನಿನಲ್ಲಿ ನೀರಿನ ಓಡಾಟವಿಲ್ಲ. ಬಂಡೆಯ ಬಿರುಕಿನಲ್ಲಿ ಹಾವುಮೀನೊಂದು ಬಾಯಿ ತೆರೆದು ಮುಚ್ಚುತ್ತಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ, ನನಗೆ ಮೈಯ ನೆನಪೇ ಬರಲಿಲ್ಲ. 44ನೇ ನಿಮಿಷಕ್ಕೆ ಮೇಲೆ ಬಂದೆ, ಎಲ್ಲರ ಜೊತೆಗೆ.

ಡೈವಿಂಗ್, ಸರ್ಫಿಂಗ್ ಕೇಂದ್ರ ನಡೆಸುವವರಲ್ಲಿ ಒಂದು ಮನವಿ. ನಮ್ಮ ಕರಾವಳಿಗೆ ಇಂದು ಎಲ್ಲ ವಯಸ್ಸಿನ, ಎಲ್ಲ ಆಕಾರದ ಜನ ನೀರಿಗಿಳಿಯಲು ಬರುತ್ತಿದ್ದಾರೆ. ನಿಮ್ಮ ಹಗ್ಗದ ಮೇಲೆ ಹೆಂಗಸರ ದೊಡ್ಡ ಅಳತೆಯ ನಾಲ್ಕು ಸೂಟು, ಗಿಡ್ಡ ಕಾಲಿನ ನಾಲ್ಕು, ಎರಡು ತುಂಡಿನವು ಎರಡು ಜೊತೆ ಇರಲಿ. ಬುಕಿಂಗ್ ಮಾಡುವಾಗಲೇ ಎತ್ತರ, ತೂಕ, ಎದೆಯಳತೆ ಕೇಳಿಕೊಳ್ಳಿ. ಶೆಡ್ಡಿನ ಮೊಳೆಗೆ ಒಂದು ಟೇಪು ತೂಗುಹಾಕಿ. ಕಣ್ಣಳತೆಯಲ್ಲಿ ಸೂಟು ಹಂಚುವುದನ್ನು ಬಿಡಿ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು: ಸೂಟು ಒಪ್ಪಲಿಲ್ಲವೆಂದು ಸಮುದ್ರ ಬಿಡಬೇಡಿ. ಅಳತೆ ತೆಗೆಸಿ, ಚೀಟಿ ಬರೆದಿಟ್ಟುಕೊಳ್ಳಿ, ಸರಿಯಾದದ್ದು ಸಿಗುವವರೆಗೆ ಕೇಳುತ್ತಲೇ ಇರಿ.